ಫ್ಯೂನ್ ದ್ವೀಪದ ಮನೆಗಳು

ಡೆನ್ಮಾರ್ಕ್ ದೇಶದ ಹೆಸರನ್ನು ಎತ್ತಿದೊಡನೆ ಸಾಹಿತ್ಯಾಸಕ್ತರಾದ ನಮ್ಮವರ ಮನಸ್ಸಿಗೆ ಬರುವವರು ಇಬ್ಬರು. ಒಬ್ಬ ರಾಜಕುಮಾರ, ಇನ್ನೊಬ್ಬ ಪಾದರಕ್ಷೆ ಹೊಲಿಯುವವನ ಮಗ. ರಾಜಕುಮಾರ ಹ್ಯಾಮ್ಲೆಟ್. ಅವನದೆಂದು ಹೇಳುವ ಕ್ರೋನ್‌ಬೋರ್ಗ್ ಕೋಟೆ ರಾಜಧಾನಿಯಾದ ಕೋಪನ್‌ಹೇಗನ್ನಿನ ಉತ್ತರಕ್ಕೆ, ಕಡಲ ಅಂಚಿನಲ್ಲಿ ನಿಂತಿದೆ. ಆ ಕೋಟೆಯನ್ನು ನೋಡಲು ಲೋಕದ ನಾನಾ ಕಡೆಗಳಿಂದ ಜನ ಬರುತ್ತಾರೆ. ಷೇಕ್ಸ್‌ಪಿಯರನ ನಾಟಕದಲ್ಲಿ ಹೊರತು ಆ ಯುವರಾಜ ಅಲ್ಲಿ ಒಂದು ದಿನವೂ ಬಾಳಿದವನಲ್ಲ ಎಂಬ ಸಂಗತಿ ಯಾರ ಉತ್ಸಾಹವನ್ನೂ ತಗ್ಗಿಸಿಲ್ಲ. ಎರಡನೆಯವನು ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಚಿಕ್ಕಂದಿನಲ್ಲಿ ಕೊಳಕು ಬಾತುಮರಿಯ ಕಥೆಯನ್ನೋ ಚಕ್ರವರ್ತಿಯ ಹೊಸ ಉಡುಪಿನ ಕಥೆಯನ್ನೋ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಎರಡು ವರ್ಷಗಳ ಹಿಂದೆ ಬೇಸಗೆಯಲ್ಲಿ ನನಗೆ ಆ ದೇಶವನ್ನು ನೋಡುವ ಅವಕಾಶ ಒದಗಿದಾಗ, ಕೈಯಲ್ಲಿದ್ದ ಐದು ದಿನಗಳನ್ನು ರಾಜಕುಮಾರನಿಗೆ ಕೊಡುವುದೋ ಬಡವನ ಮಗನಿಗೆ ಕೊಡುವುದೋ ಎಂಬ ಪ್ರಶ್ನೆ ಬಂತು. ನಾನು ಎರಡನೆಯವನ ಕಡೆಗೆ ವಾಲಿದೆ. ಅವನು ಹುಟ್ಟಿದ ಫ್ಯೂನ್ ದ್ವೀಪದಲ್ಲಿ ವಸ್ತುಸಂಗ್ರಹಾಲಯಗಳೂ ಉದ್ಯಾನಗಳೂ ಹಳೆಯ ಮನೆಗಳೂ ಒಂದಾದ ಮೇಲೊಂದು ಸಿಗುವ ದಾರಿಯೊಂದಿದೆ. ಆ ದಾರಿಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಡೆನ್ಮಾರ್ಕ್ ಹಲವು ದ್ವೀಪಗಳ ದೇಶ. ಕೋಪನ್‌ಹೇಗನ್ ಇರುವ ಷೀಲೆಂಡ್ ದ್ವೀಪಕ್ಕೂ ಪಶ್ಚಿಮದ ಜಟ್ಲೆಂಡ್ ಪರ್ಯಾಯದ್ವೀಪಕ್ಕೂ ನಡುವೆ, ಎರಡು ಜಲಸಂಧಿಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಫ್ಯೂನ್ ಮಲಗಿದೆ. ವಿಸ್ತೀರ್ಣ ಸುಮಾರು 3000 ಚದರ ಕಿಲೋಮೀಟರು. ಬೆಟ್ಟವೆನ್ನುವಂಥದು ಇಲ್ಲ, ಅಲೆಯಲೆಯಾಗಿ ಏರಿ ಇಳಿಯುವ ಹೊಲಗಳು, ಬೇಲಿಗಿಡಗಳು, ಹಣ್ಣಿನ ತೋಟಗಳು. ಪೂರ್ವದ ಜಲಸಂಧಿಯನ್ನು ಇಂದು ಸುಮಾರು 18 ಕಿಲೋಮೀಟರು ಉದ್ದದ ಸೇತುವೆ-ಸುರಂಗಗಳ ಸಾಲು ದಾಟುತ್ತದೆ. ರೈಲು 1997ರಲ್ಲಿ, ವಾಹನಗಳು 1998ರಲ್ಲಿ ಅದರ ಮೂಲಕ ಓಡತೊಡಗಿದವು. ನಾನು ರೈಲಿನಲ್ಲಿ ಕುಳಿತು ಚಹ ಕುಡಿದು ಮುಗಿಸುವಷ್ಟರಲ್ಲಿ ಆ ಕಡಲನ್ನು ದಾಟಿದ್ದೆ. 1819ರ ಸೆಪ್ಟೆಂಬರಿನಲ್ಲಿ ಹದಿನಾಲ್ಕು ವರ್ಷದ ಆಂಡರ್ಸನ್ ಹದಿಮೂರು ಡೇನಿಷ್ ಡಾಲರುಗಳನ್ನು ಗಂಟುಕಟ್ಟಿಕೊಂಡು ಇದೇ ನೀರನ್ನು ಎದುರು ದಿಕ್ಕಿನಲ್ಲಿ ದೋಣಿಯಲ್ಲಿ ದಾಟಿದ. ಆಚೆ ದಡದಲ್ಲಿ ಇಳಿದವನೇ ಒಂದು ಗುಡಿಸಿಲ ಮರೆಗೆ ಹೋಗಿ ಮೊಣಕಾಲೂರಿ ದೇವರನ್ನು ಪ್ರಾರ್ಥಿಸಿದನೆಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ರಾಜಧಾನಿಯಲ್ಲಿ ಅವನಿಗೆ ಗುರುತಿನವರು ಒಬ್ಬರೂ ಇರಲಿಲ್ಲ.

ಸೇತುವೆ ಮುಗಿಯುವಲ್ಲಿ ಸಿಗುವ ಮೊದಲ ಊರು ನ್ಯೂಬೋರ್ಗ್. ಇಲ್ಲಿಯ ಹಳೆಯ ಕೋಟೆಯಲ್ಲಿ ದೇಶದ ಪ್ರಮುಖರ ಸಭೆ ಸೇರುತ್ತಿತ್ತು. 1282ರಲ್ಲಿ ಎರಿಕ್ ಕ್ಲಿಪ್ಪಿಂಗ್ ಎಂಬ ರಾಜ ಇಲ್ಲಿ ಒಂದು ಒಪ್ಪಂದಕ್ಕೆ ಮುದ್ರೆಯೊತ್ತಬೇಕಾಯಿತು: ನ್ಯಾಯವಾದ ತೀರ್ಪಿಲ್ಲದೆ ಯಾರನ್ನೂ ಸೆರೆಯಲ್ಲಿಡುವುದಿಲ್ಲ, ವರ್ಷಕ್ಕೊಮ್ಮೆ ಸಭೆ ಕರೆಯುತ್ತೇನೆ ಎಂದು. ಡೇನರು ಇದನ್ನು ತಮ್ಮ ಮೊದಲ ಸಂವಿಧಾನವೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಮಾತು ಕೊಟ್ಟ ನಾಲ್ಕೇ ವರ್ಷಗಳಲ್ಲಿ, ಬೇಟೆಗೆ ಹೋಗಿದ್ದ ಆ ರಾಜ ರಾತ್ರಿ ಒಂದು ಕಣಜದಲ್ಲಿ ಮಲಗಿದ್ದಾಗ ಕೊಲೆಯಾದ. ಕೋಟೆಯ ಒಂದು ಶಾಲೆಯ ಗೋಡೆಗೆ ಹದಿನಾರನೆಯ ಶತಮಾನದಲ್ಲಿ ಬಳಿದ ಘನಾಕೃತಿಗಳ ಚಿತ್ತಾರ ಇಂದಿನ ನವ್ಯ ಚಿತ್ರಕಾರರ ಕೈಯದೇ ಎಂಬ ಭ್ರಮೆ ಹುಟ್ಟಿಸುತ್ತದೆ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ರಾಜರ ಕೋಟೆಗಳನ್ನು ನೋಡಲು ಫ್ಯೂನಿಗೇ ಬರಬೇಕಾದುದಿಲ್ಲ.

ಆದರೆ ನ್ಯೂಬೋರ್ಗಿನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿರುವ ಲಾಡ್‌ಬಿ ಎಂಬ ಹಳ್ಳಿಗೆ ಬರಲೇಬೇಕು. ಹೊರಗಿನಿಂದ ನೋಡಿದರೆ ಹೊಲದ ನಡುವೆ ಹುಲ್ಲು ಬೆಳೆದ ಒಂದು ದಿಬ್ಬ, ಅದಕ್ಕೊಂದು ಬಾಗಿಲು. ಒಳಗೆ ಕಾಲಿಟ್ಟಾಗ ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಗಾಜಿನ ಆಚೆಗೆ ಒಂದು ಹಡಗು ಕಾಣುತ್ತದೆ. ಸುಮಾರು 925ರ ಹೊತ್ತಿಗೆ ವೈಕಿಂಗ್ ನಾಯಕನೊಬ್ಬನನ್ನು ಇಪ್ಪತ್ತೊಂದೂವರೆ ಮೀಟರು ಉದ್ದದ ಅವನ ಯುದ್ಧನೌಕೆಯಲ್ಲೇ ಮಲಗಿಸಿ, ಹನ್ನೊಂದು ಕುದುರೆಗಳನ್ನೂ ಕೆಲವು ನಾಯಿಗಳನ್ನೂ ಕೊಂದು ಜತೆಗಿಟ್ಟು, ಮೇಲೆ ಮಣ್ಣು ಹೊಯ್ದು ದಿಬ್ಬ ಕಟ್ಟಿದರು. 1935ರಲ್ಲಿ ಔಷಧ ವ್ಯಾಪಾರಿಯೂ ಹವ್ಯಾಸಿ ಪುರಾತತ್ವಜ್ಞನೂ ಆಗಿದ್ದ ಹೆಲ್ವೆಗ್ ಮಿಕೆಲ್ಸನ್ ಎಂಬಾತ ಇದನ್ನು ಹೊರಗೆಡಹಿದ. ನಾನು ಹಡಗು ಕಾಣುತ್ತದೆ ಎಂದೆನಲ್ಲ, ಆ ಮಾತನ್ನು ತಿದ್ದಿಕೊಳ್ಳಬೇಕು. ಹಡಗು ಅಲ್ಲಿಲ್ಲ. ಮರವೆಲ್ಲ ಎಂದೋ ಕೊಳೆತು ಮಣ್ಣಾಗಿದೆ. ಉಳಿದಿರುವುದು ಹಲಗೆಗಳು ಮಣ್ಣಿನಲ್ಲಿ ಮೂಡಿಸಿದ ಅಚ್ಚು. ಆ ಹಲಗೆಗಳನ್ನು ಹಿಡಿದಿದ್ದ ಸುಮಾರು ಎರಡು ಸಾವಿರ ಕಬ್ಬಿಣದ ಮೊಳೆಗಳು, ತಾವಿದ್ದ ಸಾಲಿನಲ್ಲಿಯೇ ನಿಂತಿವೆ. ಮೂತಿಯಲ್ಲಿ ಕುದುರೆಗಳ ಎಲುಬುಗಳು, ಒಂದು ಲಂಗರು, ಅದರ ಸರಪಣಿ. ಸತ್ತ ನಾಯಕನೂ ಇಲ್ಲ. ಸಮಾಧಿ ಮಾಡಿದ ಕೆಲವೇ ಕಾಲದಲ್ಲಿ ಯಾರೋ ದಿಬ್ಬವನ್ನು ಅಗೆದು ಹೆಣವನ್ನು ಕೊಂಡೊಯ್ದಿದ್ದಾರೆ. ಹೊಸದಾಗಿ ಕ್ರೈಸ್ತರಾದ ವಂಶಸ್ಥರು ಅದನ್ನು ಚರ್ಚಿನ ಮಣ್ಣಿಗೆ ಸೇರಿಸಿದರೆಂದು ಕೆಲವರ ಊಹೆ. ಹಗೆಗಳು ಅವಮಾನಿಸಲು ಮಾಡಿದ ಕೆಲಸವೆಂದು ಇನ್ನು ಕೆಲವರದು.

ಮೊಳೆಗಳನ್ನೂ ಅಚ್ಚನ್ನೂ ಕಿತ್ತು ರಾಜಧಾನಿಗೆ ಸಾಗಿಸದೆ, ಇದ್ದಲ್ಲಿಯೇ ಬಿಟ್ಟು ಮೇಲೆ ಸೂರು ಕಟ್ಟಿ ಮತ್ತೆ ಮಣ್ಣು ಹೊದಿಸಿದರು. ಈ ತೀರ್ಮಾನ ನನಗೆ ಬಹಳ ದೊಡ್ಡದಾಗಿ ಕಂಡಿತು. ಶಾಸನವನ್ನು ಓದುವವನಿಗೆ ಕಲ್ಲಿನಲ್ಲಿ ಅಳಿಸಿಹೋದ ಅಕ್ಷರದ ತಗ್ಗೂ ಒಂದು ಅಕ್ಷರವೇ. ಲಾಡ್‌ಬಿಯ ದಿಬ್ಬದಲ್ಲಿ ಅಂಥ ಓದು ನಡೆದಿದೆ. ಈ ಅಚ್ಚಿನ ಅಳತೆಯನ್ನೇ ಆಧರಿಸಿ ಹೊಸದಾಗಿ ಕಟ್ಟಿದ ಹಡಗೊಂದು 2016ರಲ್ಲಿ ನೀರಿಗಿಳಿದು ಪಕ್ಕದ ಕೊಲ್ಲಿಯಲ್ಲಿ ತೇಲಿತು. ಇರುವುದನ್ನು ಕಾಪಾಡುವುದು ವಸ್ತುಸಂಗ್ರಹಾಲಯದ ಕೆಲಸವೆಂದು ನಾವೆಲ್ಲ ತಿಳಿದಿದ್ದೇವೆ. ಇಲ್ಲವಾದುದನ್ನು ಕಾಪಾಡುವ ಬಗೆ ಹೇಗೆ ಎಂಬ ಪ್ರಶ್ನೆ ನನ್ನ ತಲೆ ಹೊಕ್ಕದ್ದು ಅಲ್ಲಿ. ಮುಂದಿನ ನಾಲ್ಕು ದಿನವೂ ಅದು ನನ್ನನ್ನು ಬಿಡಲಿಲ್ಲ.

ಪಕ್ಕದ ಕಡಲೂರು ಕೆರ್ಟೆಮಿಂಡೆಯಲ್ಲಿ ಯೋಹಾನೆಸ್ ಲಾರ್ಸನ್ ಎಂಬ ಚಿತ್ರಕಾರನ ಮನೆ, ಗಾಳಿಯಂತ್ರವಿರುವ ಒಂದು ಗುಡ್ಡದ ಮೇಲಿದೆ. ಲಾರ್ಸನ್ ಹಕ್ಕಿಗಳನ್ನು ಬರೆದವನು. ಅವನ ಹೆಂಡತಿ ಅಲ್‌ಹೆಡ್ ಹೂಗಳನ್ನು ಬರೆದವಳು. ಮನೆಯ ಹಿಂದಿನ ತೋಟ ಅವಳ ಚಿತ್ರಗಳಿಗೆ ಬೇಕಾದ ಹೂಗಳನ್ನು ಒದಗಿಸುತ್ತಿತ್ತು. ಗಂಡ ತೊಂಬತ್ತಮೂರು ವರ್ಷ ಬಾಳಿದ, ಹೆಂಡತಿ 1927ರಲ್ಲೇ ತೀರಿಕೊಂಡಳು. ಹೆಸರು ಮುಖ್ಯವಾಗಿ ಗಂಡನದೇ ಉಳಿಯಿತು. ಅವಳ ಹೂವಿನ ಚಿತ್ರಗಳ ಮುಂದೆ ನಿಂತಾಗ ಇದು ಸರಿಯಾದ ಹಂಚಿಕೆಯಲ್ಲವೆಂದು ನನಗೆನ್ನಿಸಿತು.

ಇನ್ನು ಓಡೆನ್ಸೆ. ದ್ವೀಪದ ಮುಖ್ಯ ನಗರ ಇದು. ವೈಕಿಂಗರ ದೇವತೆ ಓಡಿನ್ನನ ಪವಿತ್ರಸ್ಥಾನವೆಂಬುದು ಹೆಸರಿನ ಮೂಲಾರ್ಥ. 988ರ ಒಂದು ಪತ್ರದಲ್ಲಿ ಆ ಹೆಸರು ಬರುತ್ತದೆ. ಮುಖ್ಯ ಚರ್ಚಿನ ನೆಲಮಾಳಿಗೆಯಲ್ಲಿ, 1086ರಲ್ಲಿ ದಂಗೆಯೆದ್ದ ಪ್ರಜೆಗಳ ಕೈಯಲ್ಲಿ ಹತನಾಗಿ ಆಮೇಲೆ ಸಂತಪದವಿ ಪಡೆದ ಕ್ನೂಡ್ ರಾಜನ ಅಸ್ಥಿಗಳಿವೆ. ಇದೇ ಚರ್ಚಿನಲ್ಲಿ 1819ರಲ್ಲಿ ಬಾಲಕ ಆಂಡರ್ಸನ್ನನಿಗೆ ಧರ್ಮದೀಕ್ಷೆಯಾಯಿತು. ಅವನ ಜೀವನದ ಮೊಟ್ಟಮೊದಲ ಬೂಟುಗಳು ಅಂದು ಅವನ ಕಾಲಲ್ಲಿದ್ದವು. ನಡೆದಾಗ ಅವು ಕಿರಿಕಿರಿಯೆಂದು ಸದ್ದುಮಾಡುತ್ತಿದ್ದವಂತೆ. ಬೂಟು ಹೊಸದೆಂದು ಚರ್ಚಿನಲ್ಲಿದ್ದವರಿಗೆಲ್ಲ ತಿಳಿಯುವುದಲ್ಲಾ ಎಂದು ಹುಡುಗನಿಗೆ ಹಿಗ್ಗು, ದೇವರನ್ನು ನೆನೆಯಬೇಕಾದ ಹೊತ್ತಿನಲ್ಲಿ ಬೂಟನ್ನು ನೆನೆದೆನಲ್ಲಾ ಎಂದು ಅಳುಕು. ಪಾದರಕ್ಷೆ ಹೊಲಿಯುವವನ ಮಗನಿಗೆ ಹದಿನಾಲ್ಕನೆಯ ವಯಸ್ಸಿನವರೆಗೆ ಬೂಟಿರಲಿಲ್ಲ ಎಂಬುದನ್ನು ಕೇಳುಗರು ಗಮನಿಸಬೇಕು.

ಆಂಡರ್ಸನ್ ಹುಟ್ಟಿದ್ದು 1805ರ ಏಪ್ರಿಲ್ 2ರಂದು. ಎಲ್ಲಿ ಎಂಬುದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಒಂದು ಮೂಲೆಯಲ್ಲಿರುವ ಹಳದಿ ಬಣ್ಣದ ಪುಟ್ಟ ಮನೆಯನ್ನು ಜನ್ಮಸ್ಥಳವೆಂದು ನಗರದವರು ಕೊಂಡು, 1908ರಲ್ಲಿ ಸಂಗ್ರಹಾಲಯವಾಗಿ ತೆರೆದರು. ಆಂಡರ್ಸನ್ ಮಾತ್ರ ಅದನ್ನು ತಾನು ಹುಟ್ಟಿದ ಮನೆಯೆಂದು ಎಂದೂ ಒಪ್ಪಿಕೊಂಡವನಲ್ಲ. ಅದು ಆ ಕಾಲದಲ್ಲಿ ಊರಿನ ಅತ್ಯಂತ ಬಡವರು ತಂಗುತ್ತಿದ್ದ ಭಾಗ. ಅರಮನೆಗಳಲ್ಲಿ ಅತಿಥಿಯಾಗಿ ಓಡಾಡಿದ ಮುದುಕನಿಗೆ ಅಂಥ ಮೂಲೆಯನ್ನು ತನ್ನದೆನ್ನಲು ಮನಸ್ಸು ಬಾರದೆ ಹೋಗಿದ್ದರೆ ಅದನ್ನು ತಪ್ಪೆನ್ನಲಾರೆ. ಆತ್ಮಕಥೆಯಲ್ಲಿ ಅವನು ತನ್ನ ಜನನವನ್ನು ವರ್ಣಿಸುವ ರೀತಿಯೇ ಬೇರೆ. ಒಬ್ಬ ಕೌಂಟನ ಶವಪೆಟ್ಟಿಗೆಯನ್ನು ಇಟ್ಟಿದ್ದ ಮರದ ಚೌಕಟ್ಟನ್ನು ತಂದೆ ಅಗ್ಗಕ್ಕೆ ಕೊಂಡು ಮಂಚಮಾಡಿದ್ದನಂತೆ. ಕರಿಯ ಬಟ್ಟೆಯ ಚೂರುಗಳು ಇನ್ನೂ ಅಂಟಿಕೊಂಡಿದ್ದ ಆ ಮಂಚದಲ್ಲಿ, ಸತ್ತ ಕೌಂಟನ ಬದಲಿಗೆ, ಅಳುವ ಕೂಸೊಂದು ಮಲಗಿತ್ತಂತೆ. ವಿದ್ವಾಂಸರು ಇದನ್ನು ನಂಬುವುದಿಲ್ಲ. ನಂಬಬೇಕಾದ ಅಗತ್ಯವೂ ಇಲ್ಲ. ಕಥೆಗಾರ ಮೊದಲು ಹೇಳಿದ ಕಥೆ ತನ್ನದೇ.

ಈ ಮನೆಯ ಸುತ್ತ ಈಗ ದೊಡ್ಡದೊಂದು ಹೊಸ ಸಂಗ್ರಹಾಲಯವಿದೆ. 2021ರಲ್ಲಿ ತೆರೆದ ಇದನ್ನು ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ರೂಪಿಸಿದ. ಅದರ ಮೂರರಲ್ಲಿ ಎರಡು ಪಾಲು ನೆಲದ ಕೆಳಗಿದೆ. ಮೇಲೆ ಕಾಣುವುದು ಬಳಸಿ ಬಳಸಿ ಸಾಗುವ ಎತ್ತರದ ಬೇಲಿಗಿಡಗಳ ಉದ್ಯಾನ. ಆಂಡರ್ಸನ್ನನ ಚಕಮಕಿ ಪೆಟ್ಟಿಗೆಯ ಕಥೆಯಲ್ಲಿ ಸಿಪಾಯಿಯೊಬ್ಬ ಟೊಳ್ಳುಮರದೊಳಗಿಂದ ಇಳಿದು ಪಾತಾಳದ ಲೋಕವನ್ನು ಕಾಣುವುದುಂಟು. ವಾಸ್ತುಶಿಲ್ಪಿ ಹಿಡಿದಿರುವ ಎಳೆ ಅದೇ. ಒಳಗೆ ಒಂದು ಕಡೆ ತಲೆಯೆತ್ತಿದರೆ ಗಾಜಿನ ಮೇಲೆ ನೀರು, ನೀರಿನ ಮೇಲೆ ಆಕಾಶ. ಮತ್ಸ್ಯಕನ್ಯೆ ಕಡಲಿನಡಿಯಿಂದ ನಮ್ಮ ಲೋಕವನ್ನು ಕಂಡಂತೆ ನಾವು ಅದನ್ನು ಕಾಣುತ್ತೇವೆ. ಬೆಳಕು, ಧ್ವನಿ, ಯಂತ್ರಗಳ ಚಮತ್ಕಾರ ನನ್ನ ವಯಸ್ಸಿನವನಿಗೆ ಕೊಂಚ ಹೆಚ್ಚಾಯಿತೆಂದೇ ಹೇಳಬೇಕು. ನಾನು ಬಹಳ ಹೊತ್ತು ನಿಂತದ್ದು ಸರಳವಾದ ವಸ್ತುಗಳ ಮುಂದೆ: ಅವನು ಕತ್ತರಿಯಲ್ಲಿ ಕತ್ತರಿಸಿದ ಕಾಗದದ ಚಿತ್ರಗಳು, ಉಳಿದುಕೊಂಡ ಹೋಟೆಲಿಗೆ ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿದು ಪಾರಾಗಲು ಪ್ರಯಾಣದಲ್ಲೆಲ್ಲ ಜತೆಗೊಯ್ಯುತ್ತಿದ್ದ ಹಗ್ಗ. ಆ ಹಗ್ಗವನ್ನು ನೋಡಿದ ಮೇಲೆ ಅವನ ಯಾವ ಕಥೆಯನ್ನೂ ನಾನು ಮೊದಲಿನ ಹಾಗೆ ಓದಿಲ್ಲ.

ಎರಡರಿಂದ ಹದಿನಾಲ್ಕರವರೆಗೆ ಅವನು ಬೆಳೆದ ಮನೆ ಮಾತ್ರ ನಿಸ್ಸಂದೇಹವಾಗಿ ಅವನದೇ. ಅದು ಮುಖ್ಯ ಚರ್ಚಿಗೆ ಹತ್ತಿರದ ಒಂದು ಕಿರುಬೀದಿಯಲ್ಲಿದೆ. ಒಂದು ಕೋಣೆ, ಅದರಲ್ಲೇ ತಂದೆಯ ಕೆಲಸದ ಮಣೆ, ಮಂಚ, ಮಗ ಮಲಗುತ್ತಿದ್ದ ಬೆಂಚು, ಪಕ್ಕಕ್ಕೊಂದು ಸಣ್ಣ ಅಡುಗೆಮನೆ. ಕುಟುಂಬದ ಸಾಮಾನೆಂದು ಹೇಳಬಹುದಾದುದು ಏನೂ ಉಳಿದಿಲ್ಲ. ಬಡವರು ಬಿಟ್ಟುಹೋಗಲು ಇರುವುದೇನು? ತಂದೆ 1816ರಲ್ಲಿ ಸತ್ತ. ತಾಯಿ ನದಿಯ ತಣ್ಣೀರಿನಲ್ಲಿ ನಿಂತು ಊರವರ ಬಟ್ಟೆ ಒಗೆದು ಬದುಕಿದಳು; ಚಳಿಗೆಂದು ಕುಡಿದಳು; ಕುಡಿತ ಬಿಡಲಿಲ್ಲ. 1833ರಲ್ಲಿ ಓಡೆನ್ಸೆಯ ಬಡವರ ಆಶ್ರಯದಲ್ಲಿ ಅವಳು ತೀರಿಕೊಂಡಾಗ ಮಗ ದೂರದ ಇಟಲಿಯಲ್ಲಿದ್ದ. ಇಪ್ಪತ್ತು ವರ್ಷಗಳ ಬಳಿಕ ಅವನು ಒಂದು ಕಥೆ ಬರೆದ. ಬಟ್ಟೆ ಒಗೆಯುವ ಬಡ ಹೆಂಗಸೊಬ್ಬಳನ್ನು ಊರಿನ ದೊಡ್ಡಮನುಷ್ಯ ಕೆಲಸಕ್ಕೆ ಬಾರದವಳೆಂದು ಹಳಿಯುತ್ತಾನೆ. ಅವಳು ನೀರಿನಲ್ಲೇ ಕುಸಿದು ಸಾಯುತ್ತಾಳೆ. ಹಾಗಲ್ಲ, ಅವಳ ಬಾಳಿಗೆ ಬೆಲೆಯಿತ್ತೆಂದು ಕೊನೆಯಲ್ಲಿ ಅವಳ ಮಗುವಿಗೆ ಹೇಳುವವಳು ಇನ್ನೊಬ್ಬ ಬಡ ಮುದುಕಿ. ತನ್ನ ತಾಯಿ ಎಂದೋ ಆಡಿದ ಒಂದು ಮಾತಿನಿಂದ ಈ ಕಥೆ ಬೆಳೆಯಿತೆಂದು ಅವನೇ ಟಿಪ್ಪಣಿ ಬರೆದಿಟ್ಟಿದ್ದಾನೆ. ಆ ಕೋಣೆಯಲ್ಲಿ ತಾಯಿಯ ಒಂದು ಪಾತ್ರೆಯೂ ಇಲ್ಲ. ಕಥೆಯಿದೆ.

ಅವಳಿಗೊಂದು ತೋಟವೂ ಇತ್ತು. ಈ ದಾರಿಯ ಉದ್ಯಾನಗಳ ಮಾತು ಬಂದಾಗ ಅದನ್ನು ಮರೆಯಬಾರದು. ಅಡುಗೆಮನೆಯಿಂದ ಏಣಿ ಹತ್ತಿ ಅಟ್ಟಕ್ಕೆ ಹೋದರೆ, ಪಕ್ಕದ ಮನೆಗೂ ಇದಕ್ಕೂ ನಡುವಿನ ಮಳೆನೀರಿನ ದೋಣಿಯಲ್ಲಿ ಮಣ್ಣು ತುಂಬಿದ ಒಂದು ಪೆಟ್ಟಿಗೆ. ಅದರಲ್ಲಿ ಈರುಳ್ಳಿ ಸೊಪ್ಪು, ಪಾರ್ಸ್‌ಲಿ. ತಾಯಿಯ ಪಾಲಿನ ತೋಟ ಅಷ್ಟೇ. ಹಿಮದ ರಾಣಿಯ ಕಥೆಯನ್ನು ಓದಿದವರಿಗೆ ಎರಡು ಮಾಡುಗಳ ನಡುವಿನ ಪೆಟ್ಟಿಗೆಯಲ್ಲಿ ಗುಲಾಬಿ ಬೆಳೆಯುವ ಆ ಇಬ್ಬರು ಮಕ್ಕಳ ನೆನಪಿರಬೇಕು. ತಾಯಿಯ ತೋಟ ಆ ಕಥೆಯಲ್ಲಿ ಇನ್ನೂ ಅರಳುತ್ತಿದೆಯೆಂಬ ಅರ್ಥದ ಮಾತನ್ನು ಆಂಡರ್ಸನ್ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಹುಡುಗ ಊರು ಬಿಡುವ ಮುನ್ನ ತಾಯಿ ಒಬ್ಬ ಕಣಿ ಹೇಳುವವಳನ್ನು ಕೇಳಿಸಿದ್ದಳು. ಇವನ ಸಲುವಾಗಿ ಓಡೆನ್ಸೆ ನಗರ ಒಂದು ದಿನ ದೀಪಗಳಿಂದ ಬೆಳಗುತ್ತದೆ ಎಂದಳಂತೆ ಆಕೆ. 1867ರ ಡಿಸೆಂಬರ್ 6ರಂದು ನಗರ ಅವನಿಗೆ ಗೌರವ ಪೌರತ್ವ ಕೊಟ್ಟು, ಊರೆಲ್ಲ ದೀಪ ಹಚ್ಚಿ, ಪಂಜು ಹಿಡಿದು ಹಾಡಿತು. ಆ ರಾತ್ರಿ ಅವನಿಗೆ ಅಸಾಧ್ಯವಾದ ಹಲ್ಲುನೋವು. ಕಿಟಕಿ ತೆರೆದಾಗ ಬೀಸಿದ ಚಳಿಗಾಳಿಗೆ ನೋವು ಇಮ್ಮಡಿಸಿ, ಕೆಳಗಿನ ಹಾಡು ಎಂದು ಮುಗಿದೀತೋ ಎಂದು ಪದ್ಯಗಳನ್ನು ಎಣಿಸಿದನಂತೆ. ಕಣಿ ಹೇಳಿದವಳು ಹಲ್ಲಿನ ಸುದ್ದಿ ಎತ್ತಿರಲಿಲ್ಲ.

ಓಡೆನ್ಸೆಯ ನೈರುತ್ಯಕ್ಕಿರುವ ಬ್ರೆನ್ನೆಕಿಲ್ದೆ ಎಂಬ ಹಳ್ಳಿ ಸಾಮಾನ್ಯ ಪ್ರವಾಸಿಗಳ ಪಟ್ಟಿಯಲ್ಲಿಲ್ಲ. ನನ್ನ ಪಟ್ಟಿಯಲ್ಲಿತ್ತು. ಭಾಷಾವಿಜ್ಞಾನದ ಮೊದಲ ಪಾಠದಲ್ಲಿ ನಾವೆಲ್ಲ ಕಲಿತು, ಕಲಿಸಿ, ಮರೆತ ಹೆಸರೊಂದಿದೆ: ರಾಸ್ಮುಸ್ ರಾಸ್ಕ್. 1787ರಲ್ಲಿ ಈ ಹಳ್ಳಿಯ ಬಡ ಮನೆಯೊಂದರಲ್ಲಿ ಹುಟ್ಟಿ ಓಡೆನ್ಸೆಯ ಶಾಲೆಯಲ್ಲಿ ಓದಿದವನು. ಬಹುಮಾನವಾಗಿ ಬಂದ ಪ್ರಾಚೀನ ಐಸ್ಲೆಂಡಿನ ಇತಿಹಾಸಗ್ರಂಥವೊಂದನ್ನು ಭಾಷಾಂತರದೊಡನೆ ಸಾಲುಸಾಲಾಗಿ ಹೋಲಿಸಿ, ನಿಘಂಟೂ ವ್ಯಾಕರಣವೂ ಇಲ್ಲದೆ, ಆ ಭಾಷೆಯ ಕಟ್ಟಡವನ್ನು ತಾನೇ ಕಂಡುಕೊಂಡ. ಜರ್ಮಾನಿಕ್ ಭಾಷೆಗಳ ವ್ಯಂಜನಗಳು ಗ್ರೀಕ್ ಲ್ಯಾಟಿನ್ನುಗಳ ವ್ಯಂಜನಗಳಿಗೆ ನಿಯಮಬದ್ಧವಾಗಿ ಸರಿಹೊಂದುತ್ತವೆಂಬುದನ್ನು 1818ರಲ್ಲಿ ಅಚ್ಚಾದ ಪ್ರಬಂಧದಲ್ಲಿ ತೋರಿಸಿದ. ಆಮೇಲೆ ಆ ನಿಯಮಕ್ಕೆ ಬಿದ್ದ ಹೆಸರು ಜರ್ಮನಿಯ ಗ್ರಿಮ್ಮನದು. 1816ರಲ್ಲಿ ಹೊರಟು ಸ್ವೀಡನ್, ರಷ್ಯಾ, ಪರ್ಷಿಯಾಗಳನ್ನು ಹಾದು 1820ರಲ್ಲಿ ಮುಂಬಯಿ ಮುಟ್ಟಿದ. ಮದರಾಸನ್ನೂ ಸಿಂಹಳವನ್ನೂ ಕಂಡ. 1823ರಲ್ಲಿ ಅವೆಸ್ತಾ, ಪಾಳಿ ಹಸ್ತಪ್ರತಿಗಳೊಡನೆ ಹಿಂದಿರುಗಿದ. ನಮ್ಮ ದ್ರಾವಿಡ ನುಡಿಗಳಿಗೂ ಉತ್ತರ ಏಷ್ಯದ ಕೆಲವು ನುಡಿಗಳಿಗೂ ನಂಟಿರಬಹುದೆಂದು ಮೊದಲು ಸೂಚಿಸಿದವನು ರಾಸ್ಕನೆಂದು, 1856ರ ತನ್ನ ದ್ರಾವಿಡ ವ್ಯಾಕರಣದಲ್ಲಿ ಕಾಲ್ಡ್‌ವೆಲ್ ಸ್ಮರಿಸುತ್ತಾನೆ. ಆ ಊಹೆ ಮುಂದೆ ನಿಲ್ಲಲಿಲ್ಲ. ಆದರೂ ಕನ್ನಡವೂ ಸೇರಿದ ಭಾಷಾವರ್ಗವನ್ನು ಕುರಿತು ಈ ಹೊಲಗಳ ನಡುವಿನಿಂದ ಬಂದವನೊಬ್ಬ ಯೋಚಿಸಿದ್ದನಲ್ಲ ಎಂದು ನಾನು ಆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಜತೆಗೆ ಬಂದವರಿಗೆ ಇದು ಏನೆಂದು ಅರ್ಥವಾಗಲಿಲ್ಲ.

ರಾಸ್ಕನಂಥವರು ಹುಟ್ಟಿದ ಮನೆಗಳು ಹೇಗಿದ್ದವೆಂದು ತಿಳಿಯಬೇಕಾದರೆ ಓಡೆನ್ಸೆಯ ದಕ್ಷಿಣದಂಚಿನ ‘ಫ್ಯೂನ್ ಹಳ್ಳಿ’ಗೆ ಹೋಗಬೇಕು. ಇದು 1946ರಲ್ಲಿ ತೆರೆದ ಬಯಲು ಸಂಗ್ರಹಾಲಯ. ದ್ವೀಪದ ಬೇರೆ ಬೇರೆ ಕಡೆ ಬೀಳುವ ಸ್ಥಿತಿಯಲ್ಲಿದ್ದ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮರದ ಚೌಕಟ್ಟು, ಅದರ ನಡುವೆ ಮಣ್ಣೋ ಇಟ್ಟಿಗೆಯೋ ತುಂಬಿದ ಗೋಡೆ, ಹುಲ್ಲಿನ ಮಾಡು. ಇಂಥ ಮನೆಯ ಎಲುಬೆಲ್ಲ ಮರವಾದುದರಿಂದ ತೊಲೆಗಳನ್ನು ಕಳಚಿ ಮತ್ತೆ ನಿಲ್ಲಿಸುವುದು ಸಾಧ್ಯ. ಕಮ್ಮಾರಸಾಲೆ, ನೀರಿನ ಗಿರಣಿ, ಗಾಳಿಯ ಗಿರಣಿ, ಪಾದ್ರಿಯ ಮನೆ ಎಲ್ಲ ಇವೆ. ಹಿತ್ತಿಲುಗಳಲ್ಲಿ ಆ ಕಾಲದ ತರಕಾರಿಗಳನ್ನೇ ಬೆಳೆಯುತ್ತಾರೆ. ಚೊಕ್ಕಟ ಮಾತ್ರ ತುಸು ಅತಿಯಾಯಿತು. ಆ ಕಾಲದ ಹಟ್ಟಿಗೆ ಇಷ್ಟು ಕಡಿಮೆ ವಾಸನೆಯಿದ್ದೀತೆಂದು ನನಗೆ ನಂಬಿಕೆಯಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರು ಹೋದರೆ ಎಗೆಸ್ಕೋವ್. ಫ್ಯೂನಿಗೆ ಬಂದವರೆಲ್ಲ ನೋಡುವ ಕೋಟೆಮನೆ ಇದು. ನೀರಿನ ನಡುವೆ ಕೆಂಪು ಇಟ್ಟಿಗೆಯ ಗೋಡೆ, ಚೂಪು ಗೋಪುರಗಳು. ಕಟ್ಟಡ ಮುಗಿದದ್ದು 1554ರಲ್ಲಿ. ಕಟ್ಟಿಸಿದವನು ಫ್ರಾನ್ಸ್ ಬ್ರೋಕೆನ್‌ಹೂಸ್ ಎಂಬ ಸರದಾರ. ಎಗೆಸ್ಕೋವ್ ಎಂದರೆ ಓಕ್ ಮರಗಳ ಕಾಡು. ಕೆರೆಯ ತಳಕ್ಕೆ ಹೊಡೆದ ಕಂಬಗಳಿಗಾಗಿ ಒಂದು ಕಾಡೇ ಬೇಕಾಯಿತೆಂದು ಐತಿಹ್ಯ. ಇದು ಹೊರಗೆ ಒಂದು ಮನೆ, ಒಳಗೆ ಎರಡು. ನಡುವಿನ ಜೋಡಿಗೋಡೆಯ ಟೊಳ್ಳಿನಲ್ಲಿ ಗುಟ್ಟಿನ ಮೆಟ್ಟಿಲುಗಳೂ ಬಾವಿಯೂ ಇವೆ. ಹಗೆಗಳು ಒಂದು ಮನೆಯನ್ನು ಹಿಡಿದರೆ ಇನ್ನೊಂದಕ್ಕೆ ಸರಿದು ಕಾದಾಡಬಹುದು. ಮಾಡಿನ ಕೆಳಗೆ ಮಲಗಿಸಿರುವ ಮರದ ಮನುಷ್ಯನನ್ನು ಕದಲಿಸಿದರೆ ಕ್ರಿಸ್‌ಮಸ್ ರಾತ್ರಿ ಕೋಟೆ ನೀರಿನಲ್ಲಿ ಮುಳುಗುತ್ತದೆಯಂತೆ. ಉದ್ಯಾನಗಳು ವಿಶಾಲವಾದವು: ಆಕೃತಿಗಳಾಗಿ ಕತ್ತರಿಸಿದ ಗಿಡಗಳು, ಎತ್ತರದ ಬೇಲಿಗಳ ನಡುವಿನ ಓಣಿಗಳು, ನೂರಕ್ಕೂ ಹೆಚ್ಚು ಬಗೆಯ ಫ್ಯೂಷಿಯಾ ಹೂಗಳು, ಕವಿಯೂ ಗಣಿತಪ್ರಿಯನೂ ಆಗಿದ್ದ ಪೀಟ್ ಹೈನ್ ಯೋಜಿಸಿದ ಬಿದಿರಿನ ಚಕ್ರವ್ಯೂಹ. ಅಭಿಮನ್ಯುವಿಗಿಂತ ನನ್ನ ಸ್ಥಿತಿ ಸ್ವಲ್ಪ ಉತ್ತಮವಾಗಿತ್ತು; ಏಳು ವರ್ಷದ ಹುಡುಗಿಯೊಬ್ಬಳು ಕೈಹಿಡಿದು ಹೊರಗೆ ತಂದಳು.

ಈ ಸೊಬಗಿನ ನಡುವೆ ಒಂದು ಕೋಣೆಯಿದೆ. ಮನೆಯ ಒಡೆಯ ಲೌರಿಟ್ಸ್ ಬ್ರೋಕೆನ್‌ಹೂಸನ ಮಗಳು ರಿಗ್‌ಬೋರ್ಗ್ ಅರಮನೆಯ ಸೇವೆಯಲ್ಲಿದ್ದಾಗ ಫ್ರೆಡರಿಕ್ ರೋಸೆನ್‌ಕ್ರಾಂಟ್ಸ್ ಎಂಬ ಸರದಾರನಿಂದ ಗರ್ಭಿಣಿಯಾದಳು. 1599ರಲ್ಲಿ ಮಗು ಹುಟ್ಟಿತು. ತಂದೆ ಅವಳನ್ನು ಈ ಕೋಣೆಯಲ್ಲಿ ಕೂಡಿಹಾಕಿದ. ಅವಳು ಹೊರಬಂದದ್ದು 1604ರಲ್ಲಿ. ಪ್ರಿಯಕರನನ್ನು ದೂರದೇಶದ ಯುದ್ಧಕ್ಕೆ ಅಟ್ಟಿದರು. ಅವನು 1602ರಲ್ಲಿ ಸತ್ತಿದ್ದ. ಇದೇ ರೋಸೆನ್‌ಕ್ರಾಂಟ್ಸ್ 1592ರಲ್ಲಿ ಗಿಲ್ಡೆನ್‌ಸ್ಟರ್ನ್ ಮನೆತನದ ಒಬ್ಬನೊಡನೆ ಲಂಡನ್ನಿಗೆ ಹೋಗಿದ್ದ. ಹ್ಯಾಮ್ಲೆಟ್ ನಾಟಕದ ಆ ಇಬ್ಬರು ಸಹಚರರ ಹೆಸರಿಗೆ ಇವರೇ ಮೂಲವೆಂಬ ಊಹೆಯುಂಟು. ಹೀಗೆ, ಬಿಟ್ಟುಬಂದೆನೆಂದುಕೊಂಡ ರಾಜಕುಮಾರ ಇಲ್ಲಿ ಬೇರೆ ದಾರಿಯಿಂದ ಬಂದು ಎದುರಾದ. ನಾಟಕದಲ್ಲಿ ರೋಸೆನ್‌ಕ್ರಾಂಟ್ಸನ ಹೆಸರು ಉಳಿಯಿತು. ರಿಗ್‌ಬೋರ್ಗಳದು ಒಂದು ಕೋಣೆಯ ಗೋಡೆಯಲ್ಲಿ.

ನೈರುತ್ಯದ ಫೋಬೋರ್ಗ್ ಊರನ್ನು ಬೇಗ ಹೇಳಿ ಮುಗಿಸುತ್ತೇನೆ, ಚಿತ್ರಕಲೆ ನನ್ನ ಕ್ಷೇತ್ರವಲ್ಲ. ಡಬ್ಬಿಗಳಲ್ಲಿ ಹಣ್ಣು ತರಕಾರಿ ತುಂಬಿ ಮಾರಿ ಹಣವಂತನಾದ ಮಾಡ್ಸ್ ರಾಸ್ಮುಸನ್ನನನ್ನು ಜನ ‘ಟೊಮೇಟೊ ಮಾಡ್ಸ್’ ಎಂದು ಕರೆಯುತ್ತಿದ್ದರು. ರಾಜಧಾನಿಯ ವಿಮರ್ಶಕರು 1907ರ ವಾಗ್ವಾದದಲ್ಲಿ ‘ರೈತ ಚಿತ್ರಕಾರರು’ ಎಂದು ಹಂಗಿಸಿದ ಫ್ಯೂನಿನ ಕಲಾವಿದರ ಕೃತಿಗಳಿಗಾಗಿಯೇ ಅವನು 1910ರಲ್ಲಿ ಒಂದು ಸಂಗ್ರಹಾಲಯ ಸ್ಥಾಪಿಸಿದ. ಕಾರ್ಲ್ ಪೀಟರ್ಸನ್ ರೂಪಿಸಿದ ಅದರ ಕಟ್ಟಡ 1915ರಲ್ಲಿ ತೆರೆಯಿತು. ಕಿರಿದಾದ ನಿವೇಶನದಲ್ಲಿ ಒಂ‌ದರ ಹಿಂದೊಂದು ಕೋಣೆ. ಪ್ರತಿಯೊಂದಕ್ಕೂ ಬೇರೆ ಬಣ್ಣ. ಗುಮ್ಮಟದ ಕೆಳಗೆ ಕರಿಯ ಕಲ್ಲಿನಲ್ಲಿ ಟೊಮೇಟೊ ವ್ಯಾಪಾರಿ ಫೇರೋ ದೊರೆಯಂತೆ ನಿಂತಿದ್ದಾನೆ. ಉತ್ತವರನ್ನೂ ಬಿತ್ತವರನ್ನೂ ಬರೆದ ಚಿತ್ರಗಳಿಗೆ ಇಂಥ ಮಂದಿರ ಸಂದಿತಲ್ಲ ಎಂದು ಸಂತೋಷವಾಯಿತು.

ದಾರಿಯ ಕೊನೆ ದಕ್ಷಿಣ ತೀರದ ಸ್ವೆನ್‌ಬೋರ್ಗ್. ನಾಟಕದ ಒಲವುಳ್ಳವರು ಊರ ಹೊರಗಿನ ಕಡಲಂಚಿನಲ್ಲಿ ಹುಲ್ಲುಮಾಡಿನ ಒಂದು ಬಿಳಿಯ ಮನೆಯನ್ನು ಹುಡುಕುತ್ತಾರೆ. ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದ ಬ್ರೆಕ್ಟ್ 1933ರಿಂದ 1939ರವರೆಗೆ ಅಲ್ಲಿದ್ದ. ಕನ್ನಡ ರಂಗಭೂಮಿ ಅವನನ್ನು ಚೆನ್ನಾಗಿ ಬಲ್ಲದು. ಗೆಲಿಲಿಯೊ ನಾಟಕದ ಮೊದಲ ರೂಪ ಹುಟ್ಟಿದ್ದು ಈ ಮನೆಯಲ್ಲಿ, 1938ರಲ್ಲಿ. ವಾಲ್ಟರ್ ಬೆನ್ಯಮಿನ್ ಬೇಸಗೆಯಲ್ಲಿ ಬಂದು ಅವನೊಡನೆ ಚದುರಂಗ ಆಡುತ್ತಿದ್ದ. ಈಗ ಅದು ಬರಹಗಾರರೂ ಕಲಾವಿದರೂ ಕೆಲವು ಕಾಲ ತಂಗಿ ಕೆಲಸಮಾಡುವ ಮನೆ.

ನಾನು ಸ್ವೆನ್‌ಬೋರ್ಗಿಗೆ ಹೋದದ್ದು ಮುಖ್ಯವಾಗಿ ಇನ್ನೊಂದು ಮನೆಗಾಗಿ. ವೀಬೆಲ್ಟೆಗೋರ್ಡ್ ಎಂಬುದು 1872ರಲ್ಲಿ ನಗರ ಕಟ್ಟಿಸಿದ ಬಡವರ ಮನೆ. ದಿಕ್ಕಿಲ್ಲದವರು, ಮುದುಕರು, ರೋಗಿಗಳು, ಕುಡುಕರು, ಕೆಲಸವಿಲ್ಲದವರು ಇಲ್ಲಿಗೆ ಬಂದು ದುಡಿದು ಉಣ್ಣಬೇಕಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ದೇಶಕ್ಕೆ ಪ್ರಜಾಪ್ರಭುತ್ವ ತಂದ 1849ರ ಸಂವಿಧಾನವೇ, ಸಾರ್ವಜನಿಕರ ನೆರವಿನಿಂದ ಬದುಕುವವನಿಗೆ ಮತದ ಹಕ್ಕಿಲ್ಲವೆಂದು ವಿಧಿಸಿತ್ತು. ಹೀಗೆ ಹೊಟ್ಟೆಗೆ ಅನ್ನ ಕೇಳಿದವನು ಪೌರತ್ವವನ್ನು ಒತ್ತೆಯಿಡಬೇಕಾಗಿತ್ತು. ಈ ಮನೆ ಮುಚ್ಚಿದ್ದು ಯಾವಾಗ ಎಂದುಕೊಂಡಿರಿ? 1974ರಲ್ಲಿ. ಈಗ ಅದೇ ಕಟ್ಟಡ ಡೆನ್ಮಾರ್ಕಿನ ಬಡವರ ಚರಿತ್ರೆಯ ಸಂಗ್ರಹಾಲಯ.

ಕೋಣೆಗಳು ಬಹುಮಟ್ಟಿಗೆ ಬರಿದು. ಎಗೆಸ್ಕೋವಿನ ಹಾಗೆ ಬೆರಗಾಗಿ ನೋಡುವ ಸಾಮಾನು ಒಂದೂ ಇಲ್ಲ. ಸೇರಿದವರ ಹೆಸರುಗಳನ್ನು ಅಧಿಕಾರಿಗಳು ಬರೆದ ಕಡತಗಳಿವೆ. ಬಡವನ ಬಾಳಿನಲ್ಲಿ ಉಳಿಯುವ ದಾಖಲೆ ಬಹುವೇಳೆ ಇದೊಂದೇ; ಅದೂ ಅವನ ಕೈಬರಹವಲ್ಲ. ಈ ಕಡತಗಳನ್ನು ಓದಬಲ್ಲ ಇತಿಹಾಸಕಾರರು ಇಲ್ಲಿ ಇದ್ದುದರಿಂದಲೇ ಒಂದು ದೊಡ್ಡ ಕೆಲಸ ಇವರ ಪಾಲಿಗೆ ಬಂತು. 1945ರಿಂದ 1976ರವರೆಗಿನ ಅವಧಿಯಲ್ಲಿ ದೇಶದ ಹಲವು ಮಕ್ಕಳ ಆಶ್ರಯಗೃಹಗಳಲ್ಲಿ ಬೆಳೆದವರು, ತಮ್ಮನ್ನು ಹೊಡೆದು ಹಿಂಸಿಸಿದರೆಂದು ಮುಪ್ಪಿನಲ್ಲಿ ದೂರತೊಡಗಿದ್ದರು. ನಂಬುವವರಿರಲಿಲ್ಲ. ಸಂಗ್ರಹಾಲಯದ ಸಂಶೋಧಕರು ಹಳೆಯ ಕಡತಗಳನ್ನು ತೆಗೆದು, ಬದುಕಿದ್ದವರ ಮಾತು ಕೇಳಿ ಬರೆದುಕೊಂಡು, 2011ರಲ್ಲಿ ವರದಿ ಕೊಟ್ಟರು. ದೂರು ನಿಜವೆಂದು ಅದರಿಂದ ಗೊತ್ತಾಯಿತು. ಆಮೇಲೂ ಎಂಟು ವರ್ಷ ಕಾಯಬೇಕಾಯಿತು. 2019ರ ಆಗಸ್ಟಿನಲ್ಲಿ ಪ್ರಧಾನಮಂತ್ರಿ ಮೆಟ್ಟೆ ಫ್ರೆಡರಿಕ್ಸನ್ ದೇಶದ ಪರವಾಗಿ ಆ ಮುದುಕರ ಕ್ಷಮೆ ಕೇಳಿದರು. ಪ್ರವಾಸಿಗಳ ಕೈಪಿಡಿಯಲ್ಲಿ ಎರಡು ಸಾಲು ಸಿಗುವ ಈ ಬಡ ಕಟ್ಟಡ ಮಾಡಿದ ಕೆಲಸವನ್ನು ದೊಡ್ಡ ಅರಮನೆಗಳ ಚಿನ್ನದ ತಟ್ಟೆಗಳು ಮಾಡಲಾರವು. ಲಾಡ್‌ಬಿಯಲ್ಲಿ ನನ್ನ ತಲೆ ಹೊಕ್ಕ ಪ್ರಶ್ನೆಗೆ ಉತ್ತರದಂತೆ ಕಂಡದ್ದು ಆ ಕಡತಗಳೇ.

ಸ್ವೆನ್‌ಬೋರ್ಗಿನಿಂದ ಓಡೆನ್ಸೆಗೆ ರೈಲಿದೆ. ಅಂದು ಸಂಜೆ ನಾನು ಅದರಲ್ಲಿ ಹಿಂದಿರುಗಿದೆ. ರಾಜಧಾನಿಯ ಗಾಡಿಗೆ ಇನ್ನೂ ಹೊತ್ತಿತ್ತು. ಉತ್ತರದ ಬೇಸಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗುವುದಿಲ್ಲ. ಚೀಲವನ್ನು ಹೆಗಲಿಗೇರಿಸಿಕೊಂಡು ಮತ್ತೊಮ್ಮೆ ಆಂಡರ್ಸನ್ ಬೆಳೆದ ಕಿರುಬೀದಿಗೆ ನಡೆದುಹೋದೆ. ಮನೆಯ ಬಾಗಿಲು ಹಾಕಿತ್ತು. ಎದುರು ಬದಿಗೆ ನಿಂತು, ಮಾಡಿನ ಅಂಚಿನಲ್ಲಿ ಮಳೆನೀರಿನ ದೋಣಿ ಎಲ್ಲಿದ್ದೀತೆಂದು, ಪೆಟ್ಟಿಗೆಯಿಡುವಷ್ಟು ಎಡೆ ಪಕ್ಕದ ಮನೆಗೂ ಇದಕ್ಕೂ ನಡುವೆ ಎಲ್ಲಿದ್ದೀತೆಂದು ತಲೆಯೆತ್ತಿ ನೋಡುತ್ತಿದ್ದೆ. ಸೈಕಲ್ಲಿನಲ್ಲಿ ಬಂದ ಹೆಂಗಸೊಬ್ಬಳು ನಿಲ್ಲಿಸಿ, ದಾರಿ ತಪ್ಪಿತೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಇಲ್ಲ, ಪಾರ್ಸ್‌ಲಿ ಗಿಡ ನೋಡುತ್ತಿದ್ದೇನೆ ಎಂದೆ. ಆಕೆ ಒಮ್ಮೆ ಮಾಡಿನ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ, ಅದು ಹಿತ್ತಿಲ ಕಡೆಗಿತ್ತು, ಇಲ್ಲಿಂದ ಕಾಣುವುದಿಲ್ಲ ಎಂದು ಹೇಳಿ ಸೈಕಲ್ ಹತ್ತಿದಳು.